ನಾಲ್ಕು ಅಂಕಣಗಳಲ್ಲಿ ಒಂದು ವಾಕ್ಯ

ವ್ಯಾಕರಣವು ನೀರಸವಾದ ಶಾಸ್ತ್ರವೆಂಬ ದೂರನ್ನು, ಕೇಶಿರಾಜನ ಸೂತ್ರಗಳನ್ನು ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು ಅನೇಕ ಸಲ ಕೇಳಿದ್ದೇನೆ. ಒಂದು ವಾಕ್ಯವನ್ನು ಬಿಡಿಸಿ, ಇದು ಕರ್ತೃ, ಇದು ಕರ್ಮ, ಇದು ವಿಭಕ್ತಿಪ್ರತ್ಯಯ ಎಂದು ಹೆಸರಿಡುವುದರಿಂದ ಯಾರಿಗೇನು ಲಾಭ ಎಂಬುದು ವಿದ್ಯಾರ್ಥಿಗಳ ಪ್ರಶ್ನೆ. ಆ ಪ್ರಶ್ನೆಗೆ ಒಂದು ಉತ್ತರವನ್ನು ಬಾಲ್ಕನ್ ನಾಡಿನ ಹಳೆಯ ಪುಸ್ತಕವೊಂದರಿಂದ ಕೊಡಬಹುದೆಂದು ನನಗೆ ತೋರುತ್ತದೆ.

ಆ ಪುಸ್ತಕದ ಕರ್ತೃ ದಾನಿಯೇಲ್ ಎಂಬ ಪಾದ್ರಿ. ಅವನ ಊರು ಮೊಸ್ಕೊಪೊಲಿ. ಈಗಿನ ಅಲ್ಬೇನಿಯದ ಆಗ್ನೇಯ ಭಾಗದಲ್ಲಿದೆ. ತುರ್ಕಿ ಸುಲ್ತಾನರ ಆಳ್ವಿಕೆಯಲ್ಲಿ ಅದು ವ್ಲಾಖ್ ವರ್ತಕರ ಸಿರಿವಂತ ಪಟ್ಟಣವಾಗಿದ್ದಿತು. 1769ರಲ್ಲಿ ಸೂರೆಗೆ ಸಿಕ್ಕಿ ಹಾಳಾಯಿತು. ಅಲ್ಲಿನ ಮನೆಮಾತುಗಳು ಹಲವು; ಆದರೆ ಚರ್ಚಿಗೂ ಶಾಲೆಗೂ ವ್ಯಾಪಾರಕ್ಕೂ ಗ್ರೀಕ್ ಒಂದೇ. ದಾನಿಯೇಲನು ರಚಿಸಿದ ಚತುರ್ಭಾಷಾ ಪದಕೋಶ 1802ರಲ್ಲಿ ಅಚ್ಚಾಗಿ ಹೊರಬಂದಿತು. ಅದರ ಪುಟಗಳಲ್ಲಿ ನಾಲ್ಕು ಅಂಕಣಗಳು: ಗ್ರೀಕ್, ವ್ಲಾಖ್, ಸ್ಲಾವ್ ಮತ್ತು ಅಲ್ಬೇನಿಯನ್. ಲಿಪಿ ಮಾತ್ರ ನಾಲ್ಕಕ್ಕೂ ಗ್ರೀಕ್. ದಾನಿಯೇಲನು ತನ್ನ ಉದ್ದೇಶವನ್ನು ಮರೆಮಾಚಲಿಲ್ಲ. ಉಳಿದ ಮೂರು ಜನಾಂಗಗಳವರು ತಮ್ಮ ಮಾತುಗಳನ್ನು ತೊರೆದು ಗ್ರೀಕ್ ಕಲಿತು ಗ್ರೀಕರಾಗಲಿ ಎಂಬುದೇ ಅದು. ಅದನ್ನು ಅವನು ಪೀಠಿಕೆಯ ಪದ್ಯಗಳಲ್ಲಿ ಸಾರಿಯೇ ಹೇಳಿದ್ದಾನೆ.

ಸ್ಲಾವ್ ಅಂಕಣದ ಭಾಷೆಯನ್ನು ಅವನು 'ಬಲ್ಗೇರಿಯನ್' ಎಂದು ಕರೆದನು. ವಿದ್ವಾಂಸರು ಅದರಲ್ಲಿ ಓಹ್ರಿದ್ ಸೀಮೆಯ ಆಡುಮಾತನ್ನು ಗುರುತಿಸಿದ್ದಾರೆ. ಇಂದಿನ ಮ್ಯಾಸಿಡೋನಿಯನ್ ಭಾಷೆಯ ಚರಿತ್ರೆಯನ್ನು ಬರೆಯುವವರಿಗೆ ಅದೊಂದು ಮುಖ್ಯವಾದ ಆಧಾರ. ಹೆಸರಿನ ಈ ತೊಡಕಿಗೆ ಆಮೇಲೆ ಬರುತ್ತೇನೆ.

ಪುಸ್ತಕದ ಆರಂಭದಲ್ಲಿ, ದೇವರು ಆಕಾಶ, ಭೂಮಿ, ಸೂರ್ಯ, ಚಂದ್ರ ಮೊದಲಾದುವನ್ನು ಉಂಟುಮಾಡಿದನೆಂಬ ಅರ್ಥದ ವಾಕ್ಯವಿದೆ. ಮಗುವಿಗೂ ತಿಳಿಯುವಂಥ ವಾಕ್ಯ. ಅದರ ಕರ್ಮಪದಗಳನ್ನು ಒಂದೊಂದಾಗಿ ನೋಡೋಣ. ಈ ಭಾಷೆಯಲ್ಲಿ ಆಕಾಶಕ್ಕೆ 'ನೆಬೊ', ಭೂಮಿಗೆ 'ಜೆಮ್ಯಾ' ಎನ್ನುತ್ತಾರೆ. ಗೊತ್ತಾದ ವಸ್ತುವನ್ನು ಹೇಳುವಾಗ ಪದದ ಕೊನೆಗೆ ಒಂದು ಪ್ರತ್ಯಯ ಸೇರಿ 'ನೆಬೊತೊ', 'ಜೆಮ್ಯಾತಾ' ಎಂದಾಗುತ್ತದೆ. ಇಂಗ್ಲಿಷಿನ 'ದಿ' ಎಂಬುದರ ಕೆಲಸವನ್ನು ಈ 'ತೊ', 'ತಾ'ಗಳು ಮಾಡುತ್ತವೆ. ಆದರೆ ನಾಮಪದದ ಹಿಂದೆ ನಿಂತು. ಗ್ರೀಕಿನಲ್ಲಿ ಇಂಥ ಗುರುತು ಪದದ ಮುಂದೆ ಬರುತ್ತದೆ: 'ಒ ಉರನೊಸ್'. ವ್ಲಾಖ್ ಮತ್ತು ಅಲ್ಬೇನಿಯನ್ ಭಾಷೆಗಳಲ್ಲಿ, ಸ್ಲಾವ್ ಮಾತಿನಂತೆಯೇ, ಹಿಂದೆ ಬರುತ್ತದೆ. ವ್ಲಾಖ್ ಲ್ಯಾಟಿನ್ನಿನ ಮಗಳು, ಅಲ್ಬೇನಿಯನ್ ಒಂಟಿಯಾಗಿ ಉಳಿದ ಶಾಖೆ, ಇದು ಸ್ಲಾವ್ ಕುಲದ್ದು. ರಷ್ಯನ್, ಪೋಲಿಷ್ ಮೊದಲಾದ ದಾಯಾದಿಗಳಲ್ಲಿ ಇಲ್ಲದ ನಡವಳಿಕೆಯನ್ನು ಈ ಸ್ಲಾವ್ ಮಾತು ನೆರೆಯವರೊಂದಿಗೆ ಹಂಚಿಕೊಂಡಿದೆ.

ಇನ್ನು ವಿಭಕ್ತಿ. ಒಂಬತ್ತನೆಯ ಶತಮಾನದಲ್ಲಿ ಥೆಸಲೋನಿಕಿಯ ಸಿರಿಲ್ ಮತ್ತು ಮೆಥೋಡಿಯಸ್ ಸೋದರರು ತಮ್ಮ ಊರಿನ ಸುತ್ತಣ ಸ್ಲಾವ್ ನುಡಿಯಲ್ಲಿ ಧರ್ಮಗ್ರಂಥಗಳನ್ನು ಬರೆದರು. ಆ ಹಳೆಯ ಭಾಷೆಯಲ್ಲಿ, ನಮ್ಮಲ್ಲಿರುವಂತೆಯೇ, ಏಳು ವಿಭಕ್ತಿಗಳು. ಭೂಮಿ ಕರ್ತೃವಾದರೆ 'ಜೆಮ್ಲ್ಯಾ', ಕರ್ಮವಾದರೆ 'ಜೆಮ್ಲ್ಯೊಂ'. ಸೋದರರ ಶಿಷ್ಯನಾದ ಕ್ಲೆಮೆಂಟನು ಆ ಭಾಷೆಯನ್ನು ಕಲಿಸಿದ್ದು ಇದೇ ಓಹ್ರಿದ್‌ನಲ್ಲಿ. ಅವನು ತೀರಿಕೊಂಡದ್ದು 916ರಲ್ಲಿ. ದಾನಿಯೇಲನ ಕಾಲಕ್ಕೆ ನಾಮಪದಗಳಲ್ಲಿ ಆ ಭೇದ ಬಹುಮಟ್ಟಿಗೆ ಅಳಿದಿತ್ತು. ಕರ್ತೃವಾದರೂ ಕರ್ಮವಾದರೂ 'ಜೆಮ್ಯಾತಾ' ಒಂದೇ.

ಹಾಗಾದರೆ ಯಾರು ಯಾರನ್ನು ಮಾಡಿದರೆಂದು ತಿಳಿಯುವುದು ಹೇಗೆ? ಸಾಮಾನ್ಯವಾಗಿ ಪದಗಳ ಸ್ಥಾನದಿಂದ. ನಾವು 'ಭೂಮಿಯನ್ನು ದೇವರು ಮಾಡಿದನು' ಎಂದು ನಿಶ್ಚಿಂತೆಯಿಂದ ಸ್ಥಾನ ಬದಲಿಸಬಲ್ಲೆವು; 'ಅನ್ನು' ಪ್ರತ್ಯಯ ನಮ್ಮನ್ನು ಕಾಯುತ್ತದೆ. ಈ ಭಾಷೆ ಬೇರೊಂದು ಉಪಾಯವನ್ನು ಕಂಡುಕೊಂಡಿತು. ಇಂದಿನ ಮ್ಯಾಸಿಡೋನಿಯನ್ನಿನಲ್ಲಿ ಕರ್ಮವನ್ನು ಮೊದಲಿಗೆ ತಂದರೆ 'ಜೆಮ್ಯಾತಾ ಯಾ ನಾಪ್ರವಿ ಗೋಸ್ಪೊದ್' ಎನ್ನಬೇಕು. 'ನಾಪ್ರವಿ' ಎಂದರೆ ಮಾಡಿದನು, 'ಗೋಸ್ಪೊದ್' ಎಂದರೆ ದೇವರು. ನಡುವೆ ನಿಂತ 'ಯಾ' ಎಂಬ ಪುಟ್ಟ ಸರ್ವನಾಮಕ್ಕೆ 'ಅದನ್ನು' ಎಂದರ್ಥ. 'ಭೂಮಿ, ಅದನ್ನು ಮಾಡಿದನು ದೇವರು' ಎಂದಂತೆ. ಕಳೆದುಹೋದ ವಿಭಕ್ತಿಯ ಹೊರೆಯನ್ನು ಸರ್ವನಾಮ ಹೊತ್ತಿತು. ಕರ್ಮವನ್ನು ಹೀಗೆ ಎರಡು ಸಲ ಹೇಳುವ ರೂಢಿ ಅಲ್ಬೇನಿಯನ್, ವ್ಲಾಖ್, ಗ್ರೀಕ್ ಭಾಷೆಗಳಲ್ಲಿಯೂ ಉಂಟು.

ಒಂದೇ ಸಂತೆಯಲ್ಲಿ ನಾಲ್ಕು ಮಾತುಗಳನ್ನಾಡುವ ಜನ ಶತಮಾನಗಳ ಕಾಲ ಕೊಟ್ಟು ಕೊಂಡು ಬಾಳಿದರೆ, ಶಬ್ದಗಳು ಬೇರೆಯಾಗಿ ಉಳಿದರೂ ವಾಕ್ಯದ ಅಚ್ಚು ಒಂದಾಗುತ್ತದೆ. ತ್ರುಬೆತ್ಸ್‌ಕೊಯ್ ಎಂಬ ವಿದ್ವಾಂಸನು 1928ರಲ್ಲಿ ಇಂಥ ನುಡಿಗಳ ಗುಂಪಿಗೆ ಭಾಷಾಕೂಟವೆಂಬ ಅರ್ಥದ ಹೆಸರನ್ನಿತ್ತನು. ಎಮೆನೋ ಅವರು 1956ರಲ್ಲಿ ಭಾರತವನ್ನೂ ಹಾಗೆಯೇ ಕಂಡರು. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಬಹುಮಟ್ಟಿಗೆ ಒಂದಾಗಿರುವುದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ವಿವರಿಸಿದರು. ಆದುದರಿಂದ ಈ ಬಾಲ್ಕನ್ ಕತೆ ನಮಗೆ ತೀರ ಹೊರಗಿನದಲ್ಲ.

ಈಗ ಹೆಸರಿನ ವಿಷಯ. ದಾನಿಯೇಲನ ನಂತರ ಆ ಸೀಮೆಗಾಗಿ ಗ್ರೀಕರು, ಬಲ್ಗೇರಿಯನ್ನರು, ಸರ್ಬಿಯನ್ನರು ಪೈಪೋಟಿಗಿಳಿದರು. ಜನರ ಮಾತೇ ಹಕ್ಕುಪತ್ರವಾಯಿತು. 1903ರಲ್ಲಿ ಕ್ರ್ಸ್ತೆ ಮಿಸಿರ್ಕೊವ್ ಎಂಬಾತನು ಸೋಫಿಯಾದಲ್ಲಿ ಪುಸ್ತಕವೊಂದನ್ನು ಪ್ರಕಟಿಸಿ, ಮಧ್ಯ ಮ್ಯಾಸಿಡೋನಿಯದ ನುಡಿಯೇ ಆ ಜನರ ಗ್ರಂಥಭಾಷೆಯಾಗಬೇಕೆಂದು ವಾದಿಸಿದನು. 1944ರಲ್ಲಿ ಅದು ಯುಗೊಸ್ಲಾವಿಯದೊಳಗಿನ ಮ್ಯಾಸಿಡೋನಿಯದ ಆಡಳಿತಭಾಷೆಯಾಯಿತು. 1945ರಲ್ಲಿ ಅದರ ಅಕ್ಷರಮಾಲೆಯೂ ಕಾಗುಣಿತವೂ ನಿಶ್ಚಯವಾದುವು. ಅದು ಬೇರೆ ಭಾಷೆಯಲ್ಲ, ತಮ್ಮದರ ಒಂದು ರೂಪವೆಂದು ಬಲ್ಗೇರಿಯದ ಕಡೆಯವರು ಇಂದಿಗೂ ವಾದಿಸುತ್ತಾರೆ. ಹಿಂದೆ ನಿಲ್ಲುವ ಪ್ರತ್ಯಯವೂ ವಿಭಕ್ತಿಲೋಪವೂ ಬಲ್ಗೇರಿಯನ್ನಿನಲ್ಲಿಯೂ ಇವೆಯೆಂಬುದು ನಿಜ. ಆದರೆ ಒಂದು ನುಡಿ ಭಾಷೆಯೋ ಉಪಭಾಷೆಯೋ ಎಂಬುದನ್ನು ಪ್ರತ್ಯಯಗಳನ್ನು ಎಣಿಸಿ ತೀರ್ಮಾನಿಸಲಾಗದು. ಅದರಲ್ಲಿ ಓದಿ ಬರೆದು ಬಾಳುವವರು ಏನೆನ್ನುತ್ತಾರೆ ಎಂಬುದಕ್ಕೆ ವೈಯಾಕರಣನೂ ಕಿವಿಗೊಡಬೇಕು.

ಯಾವ ಪಕ್ಷದವರು ಬಿಡಿಸಿ ನೋಡಿದರೂ ಆ ವಾಕ್ಯದಲ್ಲಿ ನೆರೆಯವರ ಗುರುತು ಸಿಕ್ಕಿಯೇ ಸಿಕ್ಕುತ್ತದೆ. ದಾನಿಯೇಲನು ಮೂರು ಮಾತುಗಳನ್ನು ಜನ ಮರೆಯಲೆಂದು ಗ್ರೀಕಿನ ಪಕ್ಕದಲ್ಲಿ ಬರೆದಿಟ್ಟನು. ಲೀಕ್ ಎಂಬ ಆಂಗ್ಲ ಪ್ರವಾಸಿ 1814ರಲ್ಲಿ ಅವನ ಕೋಶವನ್ನು ಮತ್ತೆ ಅಚ್ಚು ಹಾಕಿಸಿದನು. ಇಂದು ಅದನ್ನು ತೆರೆಯುವವರಲ್ಲಿ ಹೆಚ್ಚಿನವರು ಹುಡುಕುವುದು ಗ್ರೀಕನ್ನಲ್ಲ, ಉಳಿದ ಮೂರು ಅಂಕಣಗಳನ್ನು.