ಸಾಕುಗಿಳಿ ಕೂರುವ ಕೊಂಬೆ: ಹರಿಹರಪುರ ಪರಿಸರದ ತೋಟಗಳನ್ನು ಕುರಿತು

ಕೊಪ್ಪ ತಾಲ್ಲೂಕಿನ ಹರಿಹರಪುರದ ಸುತ್ತ, ತುಂಗೆಯ ದಡದ ಅಡಿಕೆ, ಕಾಫಿ ತೋಟಗಳಲ್ಲಿ ಕಾಡುಗಿಳಿಗಳಿಗೆ ಬರವಿಲ್ಲ. ಪಶ್ಚಿಮ ಘಟ್ಟಕ್ಕೇ ಸೀಮಿತವಾದ ನೀಲಿ ರೆಕ್ಕೆಯ ಗಿಳಿ ಹಾಲುವಾಣದ ಹೂವಿಗೆ ಮುಗಿಬೀಳುತ್ತದೆ. ಇಂಥ ದೇಶಿ ಗಿಳಿಗಳನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆದ್ದರಿಂದ ಇಲ್ಲಿನ ಚರ್ಚೆ ಕಾಕಟೀಲ್, ಲವ್‌ಬರ್ಡ್, ಸನ್ ಕನ್ಯೂರ್‌ನಂಥ ವಿದೇಶಿ ಮೂಲದ ಹಕ್ಕಿಗಳಿಗಷ್ಟೇ ಅನ್ವಯಿಸುತ್ತದೆ.

ಗಿಳಿಯ ಕಾಲಿನಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ನಿದ್ದೆಯಲ್ಲೂ ಅದು ಕಾಲಿನ ಮೇಲೇ ಇರುತ್ತದೆ. ಪಂಜರದ ಜೊತೆ ಅಂಗಡಿಯವರು ಕೊಡುವ ನುಣುಪಾದ, ಒಂದೇ ದಪ್ಪದ ಕೋಲಿನ ಮೇಲೆ ಭಾರವೆಲ್ಲ ಅಂಗಾಲಿನ ಅದೇ ಜಾಗಕ್ಕೆ ಬೀಳುತ್ತದೆ. ಮೊದಲು ಅಂಗಾಲಿನ ಕಾಳುಕಾಳಾದ ಚರ್ಮ ಸವೆದು ಹೊಳೆಯುತ್ತದೆ, ಆಮೇಲೆ ಕೆಂಪಾಗುತ್ತದೆ, ಊದುತ್ತದೆ, ಕೊನೆಗೆ ಹುಣ್ಣಾಗುತ್ತದೆ. ಕೊಂಬೆ ಅಂಕುಡೊಂಕಾಗಿದ್ದು ದಪ್ಪ ಬದಲಾಗುತ್ತಿದ್ದರೆ ಹಿಡಿತವೂ ಬದಲಾಗುತ್ತದೆ. ಬೆರಳುಗಳು ಕೊಂಬೆಯನ್ನು ಮುಕ್ಕಾಲು ಪಾಲು ಸುತ್ತಬೇಕು, ತುದಿಗಳು ಒಂದಕ್ಕೊಂದು ತಾಗಬಾರದು. ಮರಳು ಕಾಗದ ಸುತ್ತಿದ ಕೋಲು ಉಗುರಿಗಿಂತ ಮೊದಲು ಚರ್ಮವನ್ನೇ ಸವೆಸುತ್ತದೆ. ಅದನ್ನು ನಾನು ಒಪ್ಪುವುದಿಲ್ಲ.

ಮಲೆನಾಡಿನಲ್ಲಿ ಕೈಗೆ ಮೊದಲು ಸಿಗುವುದು ಅಡಿಕೆ ದಬ್ಬೆ. ಅದರ ನಾರು ಎದ್ದು ಸಿಬಿರು ಚುಚ್ಚುತ್ತದೆ. ಪೇರಲೆ ಉತ್ತಮ: ಮರ ಗಟ್ಟಿ, ಕವಲು ಹೆಚ್ಚು, ತೊಗಟೆ ಕಿತ್ತು ಕಚ್ಚುವ ಆಟವೂ ಗಿಳಿಗೆ ಸಿಗುತ್ತದೆ. ಬೆಣ್ಣೆಹಣ್ಣಿನ ಮರ ಮಾತ್ರ ಸರ್ವಥಾ ಬೇಡ. ಕಾಫಿ ತೋಟಗಳ ನಡುವೆ ಈಗ ಅದನ್ನೂ ಬೆಳೆಯುತ್ತಾರೆ. ಅದರ ಎಲೆ, ತೊಗಟೆಗಳಲ್ಲಿರುವ ಪರ್ಸಿನ್ ಹಕ್ಕಿಯ ಹೃದಯಕ್ಕೆ ವಿಷ. ಕಣಗಿಲೆಯೂ ಅಷ್ಟೇ ಅಪಾಯಕಾರಿ.

ಮರದ ಜಾತಿಯಷ್ಟೇ ಮುಖ್ಯವಾದುದು ಅದು ಬೆಳೆದ ಜಾಗ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸುವ ಈ ಔಷಧಿ ಇಂದಿಗೂ ಅಡಿಕೆ ಕೃಷಿಕರ ಆಸರೆ. ಗೊನೆಗೆ ಹೊಡೆದದ್ದು ಕೆಳಗಿನ ಗಿಡಗಳ ಮೇಲೂ ಇಳಿಯುತ್ತದೆ. ಎಲೆತುಕ್ಕಿಗೆಂದು ಕಾಫಿಗೂ ಬೇರೆಯಾಗಿ ಹೊಡೆಯುತ್ತಾರೆ. ಕವಲಿನ ಸಂದಿಯಲ್ಲಿ ಒಣಗಿ ನಿಂತ ತಿಳಿನೀಲಿ ಪುಡಿ ತಾಮ್ರದ್ದು. ಗಿಳಿ ಕೊಂಬೆಯ ಮೇಲೆ ಕೂರುವುದಷ್ಟೇ ಅಲ್ಲ, ಅದನ್ನು ಜಗಿಯುತ್ತದೆ. ವಿದೇಶಗಳಲ್ಲಿ ಕಾಫಿ ಗಿಡದ ಕೊಂಬೆಯನ್ನು ಇದೇ ಕೆಲಸಕ್ಕೆ ಮಾರುತ್ತಾರೆ. ನಮ್ಮ ತೋಟದ್ದನ್ನು ಬಳಸುವುದಾದರೆ ತೊಗಟೆ ಪೂರ್ತಿ ಸುಲಿದು, ಉಜ್ಜಿ ತೊಳೆಯಲೇಬೇಕು. ಔಷಧಿ ಬೀಳದ ಹಿತ್ತಲಿನ ಪೇರಲೆ ಇದ್ದರೆ ಈ ತೊಡಕೇ ಇಲ್ಲ.

ಮಳೆಗಾಲದಲ್ಲಿ ಹಸಿ ಕೊಂಬೆಗೆ ಬೂಸ್ಟು ಬರುತ್ತದೆ, ಅದು ಹಕ್ಕಿಯ ಶ್ವಾಸಕೋಶಕ್ಕೆ ಕೆಡುಕು. ಬಚ್ಚಲೊಲೆಯ ಕಾವಿನಲ್ಲಿ ಕೊಂಬೆಯನ್ನು ಒಣಗಿಸಬಹುದು. ಗಿಳಿಯನ್ನು ಆ ಹೊಗೆಯ ಹತ್ತಿರ ಇಡಬಾರದು. ಮಲಗುವ ಕೊಂಬೆ ಎಲ್ಲಕ್ಕಿಂತ ಮೇಲೆ, ಗೋಡೆಯ ಬದಿಗಿರಲಿ. ನೀರು, ಕಾಳಿನ ಬಟ್ಟಲಿನ ನೇರ ಮೇಲೆ ಯಾವುದೂ ಬೇಡ, ಹಿಕ್ಕೆ ಬೀಳುತ್ತದೆ. ತಿರುಗಿದಾಗ ಬಾಲ ಸರಳಿಗೆ ತಾಗದಷ್ಟು ಜಾಗ ಬಿಡಬೇಕು.

ಗಿಳಿ ಸಾಕುವವರಲ್ಲಿ ಒಂದು ಕೋರಿಕೆ: ಹಕ್ಕಿ ಕಾಯಿಲೆ ಬಿದ್ದಾಗ ಏನು ತಿನ್ನಿಸಿದಿರೆಂಬುದರ ಜೊತೆಗೆ, ಕೂರಲು ಯಾವ ಮರದ ಕೊಂಬೆ ಹಾಕಿದ್ದಿರಿ, ಆ ಮರಕ್ಕೆ ಔಷಧಿ ಬಿದ್ದಿತ್ತೇ ಎಂಬುದನ್ನೂ ಪಶುವೈದ್ಯರಿಗೆ ತಿಳಿಸಿ.