ವೇದಾವತಿ ಶುದ್ಧಿ: ಯೋಜನೆ ದೊಡ್ಡದು, ಪೈಪು ಸಣ್ಣದು

2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನಮ್ಮ ಯಲ್ಲದಕೆರೆ ಕಡೆಯ ಜನರೂ ಗಾಡಿ ಮಾಡಿಕೊಂಡು ಮಾರಿಕಣಿವೆಗೆ ಹೋಗಿ ನೋಡಿ ಬಂದರು. 1933ರಲ್ಲಿ ತುಂಬಿದ್ದ ಡ್ಯಾಂ 89 ವರ್ಷದ ಮೇಲೆ ತುಂಬಿತ್ತು. ಹಿರಿಯೂರಿನಲ್ಲಿ ವೇದಾವತಿ ದಡ ಮೀರಿ ಹರಿದಳು. ಕಸ, ಪ್ಲಾಸ್ಟಿಕ್ ಎಲ್ಲ ಕೊಚ್ಚಿಹೋಯಿತು. ಹೊಳೆ ಶುದ್ಧವಾಯಿತು ಅಂದುಕೊಂಡೆವು. ನೀರು ಇಳಿದ ಮೇಲೆ ಊರಿನ ಚರಂಡಿ ಮತ್ತೆ ಅದೇ ಜಾಗದಲ್ಲಿ ಬಂದು ಸೇರಿತು.

ಈ ಹೊಳೆ ಚರಂಡಿಯಾಗಿದ್ದು ಒಂದೇ ದಿನದಲ್ಲಿ ಅಲ್ಲ. ಮೈಸೂರು ಸಂಸ್ಥಾನ 1898ರಲ್ಲಿ ಡ್ಯಾಂ ಕೆಲಸ ಶುರು ಮಾಡಿ 1907ರಲ್ಲಿ ಮುಗಿಸಿತು. 30 ಟಿಎಂಸಿ ನೀರು ನಿಲ್ಲುವ ಡ್ಯಾಂ. ಅದರಿಂದ ಹಿರಿಯೂರು ಸೀಮೆಗೆ ತೆಂಗು, ಅಡಿಕೆ, ಭತ್ತ ಬಂತು. ಅದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ. ಆದರೆ ನೀರು ನಾಲೆಗೆ ಹೋಯಿತು, ಕುಡಿಯಲು ಹಿರಿಯೂರಿಗೆ, ಚಿತ್ರದುರ್ಗಕ್ಕೆ ಹೋಯಿತು. ಡ್ಯಾಂ ಕೆಳಗಿನ ಹೊಳೆಗೆ ಉಳಿದದ್ದು ಮಳೆ ನೀರು ಮತ್ತು ನಾವು ಬಳಸಿ ಬಿಟ್ಟ ನೀರು. ತುಂಬಿದ ಬಾವಿಗೆ ಒಂದು ಚೆಂಬು ಕೊಳೆ ಬಿದ್ದರೆ ಗೊತ್ತಾಗುವುದಿಲ್ಲ, ಒಣಗಿದ ತೊಟ್ಟಿಗೆ ಬಿದ್ದರೆ ಬರೀ ಕೊಳೆಯೇ ಉಳಿಯುತ್ತದೆ.

ಈಗ ಭದ್ರಾ ಮೇಲ್ದಂಡೆ ಯೋಜನೆಯಿಂದ ವಾಣಿವಿಲಾಸಕ್ಕೆ ನೀರು ಬರುತ್ತಿದೆ. ಅದು ಲಕ್ಕವಳ್ಳಿ ಡ್ಯಾಂ ನೀರು, ಭದ್ರಾವತಿ ಊರು ಮುಟ್ಟುವ ಮೊದಲೇ ಎತ್ತಿದ್ದು. ನಮ್ಮ ಅದೃಷ್ಟ. ಭದ್ರಾವತಿಯಿಂದ ಕೆಳಗಿನ ಕಥೆ ಬೇರೆ. ಅಲ್ಲಿ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಬಂದವು. ಇನ್ನೂ ಕೆಳಗೆ, ಹರಿಹರದ ಹತ್ತಿರ ಪಾಲಿಫೈಬರ್ಸ್ ಬಂತು. ಎಂಬತ್ತರ ದಶಕದಲ್ಲಿ ತುಂಗಭದ್ರೆಯ ಮಾಲಿನ್ಯದ ವಿರುದ್ಧ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಟ ಮಾಡಿತು. ಆಮೇಲೆ ಕೇಂದ್ರದ ನದಿ ಸಂರಕ್ಷಣಾ ಯೋಜನೆಗೆ ಭದ್ರಾವತಿ, ಶಿವಮೊಗ್ಗ, ದಾವಣಗೆರೆ, ಹರಿಹರ ಸೇರಿದವು. ಇಷ್ಟಾದರೂ 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪಟ್ಟಿ ಮಾಡಿದ ಕರ್ನಾಟಕದ 17 ಕಲುಷಿತ ನದಿ ಭಾಗಗಳಲ್ಲಿ ತುಂಗಾ, ಭದ್ರಾ, ತುಂಗಭದ್ರಾ ಮೂರೂ ಇದ್ದವು. ವೇದಾವತಿ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲ ಅಂದರೆ ಹೊಳೆ ಚೆನ್ನಾಗಿದೆ ಅಂತಲ್ಲ!

ಗಂಗೆಯ ಶುದ್ಧಿಗೆ 1986ರಲ್ಲಿ ರಾಜೀವ್ ಗಾಂಧಿ ಚಾಲನೆ ಕೊಟ್ಟರು. ಆ ಕೆಲಸ ಬೇರೆ ಹೆಸರಿನಲ್ಲಿ ಇನ್ನೂ ನಡೆಯುತ್ತಿದೆ. ಲಂಡನ್ನಿನ ಥೇಮ್ಸ್ 1858ರಲ್ಲಿ ಎಷ್ಟು ನಾರಿತ್ತೆಂದರೆ ಪಾರ್ಲಿಮೆಂಟಿನಲ್ಲಿ ಕೂರುವುದೇ ಕಷ್ಟವಾಗಿತ್ತು. ದೊಡ್ಡ ಒಳಚರಂಡಿ ಕಟ್ಟಿ ಕೊಳಚೆಯನ್ನು ಊರಿನಿಂದ ಕೆಳಕ್ಕೆ ಸಾಗಿಸಿದರು. ಅದು ಶುದ್ಧಿ ಅಲ್ಲ, ಜಾಗ ಬದಲಾವಣೆ ಅಷ್ಟೇ. 1957ರಲ್ಲೂ ಆ ನದಿ ಸತ್ತಿದೆ ಅಂದಿದ್ದರು. ಶುದ್ಧೀಕರಣ ಘಟಕಗಳನ್ನು ಸುಧಾರಿಸಿ ದಿನವೂ ಓಡಿಸಿದ ಮೇಲೆಯೇ ಮೀನು ವಾಪಸು ಬಂತು. ಅಷ್ಟು ದುಡ್ಡಿದ್ದ ಊರಿಗೂ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ನಮ್ಮಲ್ಲಿ ಘಟಕ ಕಟ್ಟುವುದು ಸುಲಭ. ಟೆಂಡರ್ ಇದೆ, ಶಂಕುಸ್ಥಾಪನೆ ಇದೆ, ಫೋಟೊ ಇದೆ. ಮನೆ ಮನೆಯಿಂದ ಅಲ್ಲಿಗೆ ಪೈಪು ಎಳೆಯುವುದಕ್ಕೆ ಮಾತ್ರ ಯಾರೂ ಹಾರ ಹಾಕುವುದಿಲ್ಲ. ಕರೆಂಟು ಬಿಲ್ಲು ಕಟ್ಟದಿದ್ದರೆ, ಆಪರೇಟರಿಗೆ ಸಂಬಳ ಆಗದಿದ್ದರೆ ಮೋಟರು ನಿಲ್ಲುತ್ತದೆ, ಕೊಳಚೆ ನೇರ ಹೊಳೆಗೆ ಬೀಳುತ್ತದೆ.

ಹಾಗಾಗಿ ವೇದಾವತಿಯಲ್ಲಿ ಬೊಗಸೆಯಲ್ಲಿ ನೀರು ಕುಡಿಯುವ ಹಾಗೆ ಮಾಡುತ್ತೇವೆ ಅಂತ ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ. ಆದರೆ ಹಿರಿಯೂರಿನ ಚರಂಡಿ ಹೊಳೆಗೆ ಬೀಳದಂತೆ ತಡೆಯುವುದು ಆಗುವ ಕೆಲಸ. 2025ರ ಜನವರಿಯಲ್ಲಿ ಡ್ಯಾಂ ಮತ್ತೆ ಕೋಡಿ ಬಿತ್ತು. ಇನ್ನು ಮುಂದೆ ಹೊಳೆಯಲ್ಲಿ ಆಗಾಗ ನೀರು ಹರಿಯುವ ಕಾಲ ಬಂದಿದೆ. ಕೆಳಗಿನ ಹಳ್ಳಿಗಳವರು ಆ ನೀರಿಗೆ ಮೋಟರು ಇಡುತ್ತಾರೆ, ದನಕ್ಕೆ ಕುಡಿಸುತ್ತಾರೆ. ಮುಂದಿನ ಸಲ ನದಿ ಶುದ್ಧಿಯ ಯೋಜನೆ ಹೊತ್ತು ಬಂದವರನ್ನು ಎಷ್ಟು ಕೋಟಿ ಅಂತ ಕೇಳುವ ಬದಲು ಇಷ್ಟು ಕೇಳಿ: ಎಷ್ಟು ಮನೆಗೆ ಪೈಪು ಹಾಕುತ್ತೀರಿ, ಐದನೇ ವರ್ಷದ ಕರೆಂಟು ಬಿಲ್ಲು ಯಾರು ಕಟ್ಟುತ್ತಾರೆ?