೨೦೦೩ರ ಸೇಂಟ್ ಜಾನ್ಸ್ ಜಾನೀಸ್ ಫುಟ್‌ಬಾಲ್ ತಂಡ

೨೦೦೩ರ ಸೇಂಟ್ ಜಾನ್ಸ್ ಜಾನೀಸ್ ತಂಡವು ಅಮೆರಿಕ ಸಂಯುಕ್ತ ಸಂಸ್ಥಾನದ ಮಿನ್ನೆಸೋಟ ರಾಜ್ಯದಲ್ಲಿರುವ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ಅಮೆರಿಕನ್ ಫುಟ್‌ಬಾಲ್ ತಂಡವಾಗಿದೆ. ಆಡಿದ ೧೪ ಪಂದ್ಯಗಳನ್ನೂ ಗೆದ್ದ ಈ ತಂಡವು ಎನ್‌ಸಿಎಎ ಮೂರನೆಯ ವಿಭಾಗದ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆಯಿತು. ಈ ವಿಭಾಗದ ಕಾಲೇಜುಗಳು ಕ್ರೀಡಾ ವಿದ್ಯಾರ್ಥಿವೇತನವನ್ನು ನೀಡುವುದಿಲ್ಲ.

ದಾಖಲೆಯ ಗೆಲುವು

ಜಾನ್ ಗ್ಯಾಗ್ಲಿಯಾರ್ಡಿ ಅವರು ೧೯೫೩ರಿಂದ ತಂಡದ ಮುಖ್ಯ ತರಬೇತುದಾರರಾಗಿದ್ದರು. ಅಭ್ಯಾಸದ ವೇಳೆ ಆಟಗಾರರು ಒಬ್ಬರನ್ನೊಬ್ಬರು ಹಿಡಿದು ಕೆಡವುವುದನ್ನು ಅವರು ನಿಷೇಧಿಸಿದ್ದರು. ನವೆಂಬರ್ ೮ರಂದು ಬೆಥೆಲ್ ತಂಡದ ವಿರುದ್ಧ ೨೯–೨೬ ಅಂಕಗಳಿಂದ ದೊರೆತ ಜಯವು ಅವರ ೪೦೯ನೆಯ ಗೆಲುವಾಗಿತ್ತು. ಇದರಿಂದ ಕಾಲೇಜು ಫುಟ್‌ಬಾಲ್‌ನಲ್ಲಿ ಎಡ್ಡಿ ರಾಬಿನ್ಸನ್ ಅವರ ಹೆಸರಿನಲ್ಲಿದ್ದ ೪೦೮ ಗೆಲುವುಗಳ ದಾಖಲೆ ಮುರಿಯಿತು.

ಅಂತಿಮ ಪಂದ್ಯ

ಸ್ಟ್ಯಾಗ್ ಬೌಲ್ ಎಂದು ಕರೆಯಲಾಗುವ ಅಂತಿಮ ಪಂದ್ಯವು ಡಿಸೆಂಬರ್ ೨೦ರಂದು ವರ್ಜೀನಿಯಾದ ಸೇಲಂ ನಗರದಲ್ಲಿ ನಡೆಯಿತು. ಎದುರಾಳಿಯಾದ ಒಹಾಯೊದ ಮೌಂಟ್ ಯೂನಿಯನ್ ತಂಡವು ಹಿಂದಿನ ಮೂರು ವರ್ಷಗಳ ಪ್ರಶಸ್ತಿ ವಿಜೇತ ತಂಡವಾಗಿದ್ದು, ಸತತ ೫೫ ಪಂದ್ಯಗಳನ್ನು ಗೆದ್ದಿತ್ತು. ಸೇಂಟ್ ಜಾನ್ಸ್ ೨೪–೬ ಅಂಕಗಳಿಂದ ಗೆದ್ದು ಆ ಸರಣಿಯನ್ನು ಕೊನೆಗೊಳಿಸಿತು. ೧೯೬೩, ೧೯೬೫ ಮತ್ತು ೧೯೭೬ರ ನಂತರ ಇದು ತಂಡದ ನಾಲ್ಕನೆಯ ರಾಷ್ಟ್ರೀಯ ಪ್ರಶಸ್ತಿ. ಆ ವರ್ಷ ಮೂರನೆಯ ವಿಭಾಗದ ಶ್ರೇಷ್ಠ ಆಟಗಾರನಿಗೆ ಸಲ್ಲುವ, ತರಬೇತುದಾರರ ಹೆಸರನ್ನೇ ಹೊತ್ತ ಗ್ಯಾಗ್ಲಿಯಾರ್ಡಿ ಪಾರಿತೋಷಕವು ತಂಡದ ಬ್ಲೇಕ್ ಎಲಿಯಟ್ ಅವರಿಗೆ ಲಭಿಸಿತು. ಗ್ಯಾಗ್ಲಿಯಾರ್ಡಿ ಅವರು ೨೦೧೨ರಲ್ಲಿ ೪೮೯ ಗೆಲುವುಗಳೊಂದಿಗೆ ನಿವೃತ್ತರಾದರು.